ಡ್ಯೂಕನಿಗೆ ತಡವಾಗಿ ನೆನಪಾದ ರಕ್ತಸಂಬಂಧ

ಕಲೋನ್

ಯುರೋಪಿಗೆ ಹೋದವರು ಊರಿನವರಿಗೆ ಹೇಳಲೆಂದು ಒಂದಿಷ್ಟು ಚರ್ಚು, ಒಂದಿಷ್ಟು ನದಿ, ಒಂದಿಷ್ಟು ಚಳಿ ಗಂಟು ಕಟ್ಟಿಕೊಂಡು ಬರುತ್ತಾರೆ. ನಾನೂ ಅದನ್ನೆಲ್ಲ ನೋಡಿದ್ದೇನೆ. ಆದರೆ ಗದಗಿಗೆ ಮರಳಿ ಎರಡು ತಿಂಗಳಾದರೂ ನನ್ನ ತಲೆಯಿಂದ ಇಳಿಯದೆ ಕೂತವನು ಸುಮಾರು ಎಂಟುನೂರು ವರ್ಷಗಳ ಹಿಂದೆ ಸತ್ತ ಒಬ್ಬ ಡ್ಯೂಕ್. ಅವನ ಸಂಸಾರದ ಗೋಜಿಗೆ ನಾನು ಹೋಗಬಾರದಿತ್ತು. ಹೋದೆ, ಅನುಭವಿಸಿದೆ.

ನಾನು ಜೀವಶಾಸ್ತ್ರದ ಮೇಷ್ಟ್ರು. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕಪ್ಪೆ ಕೊಯ್ದು, ಮೆಂಡೆಲನ ಬಟಾಣಿ ಎಣಿಸಿ ನಿವೃತ್ತನಾದವನು. ಮಗಳು ಸ್ಫೂರ್ತಿ ಜರ್ಮನಿಯ ಕಲೋನಿನಲ್ಲಿ ಓದು ಮುಗಿಸಿದಳು. ಪದವಿ ಕೊಡುವ ದಿನ ತಾಯಿ ತಂದೆ ಇಬ್ಬರೂ ಬರಬೇಕೆಂದು ಹಟ ಹಿಡಿದಿದ್ದಳು. ಹೆಂಡತಿ ಕಮಲಾಳಿಗೆ ಮೊಣಕಾಲಿನ ಆಪರೇಷನ್ ಆಗಿದ್ದರಿಂದ ನಾನೊಬ್ಬನೇ ವಿಮಾನ ಹತ್ತಿದೆ.

ಮೊದಲ ಭಾನುವಾರವೇ ಮರ್ಯಾದೆ ಕಳೆದುಕೊಂಡೆ. ಮಗಳಿಗೆಂದು ಊರಿನಿಂದ ಹುರಿದ ಶೇಂಗಾ ಒಯ್ದಿದ್ದೆ. ಚಟ್ನಿಪುಡಿ ಕುಟ್ಟಿದರೆ ಘಮ ಬರುತ್ತದೆ, ಮಿಕ್ಸಿಗೆ ಹಾಕಿದರೆ ಬರುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಅವಳ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಲು ಕೂತೆ. ಐದು ನಿಮಿಷಕ್ಕೆ ಬಾಗಿಲ ಬೆಲ್ ಸದ್ದಾಯಿತು. ಕೆಳಗಿನ ಮನೆಯ ಮುದುಕಿ ನಿಂತಿದ್ದಳು. ಬೈಯಲಿಲ್ಲ. ಬಹಳ ಮೆತ್ತಗೆ 'ರೂಹೆಟಾಗ್' ಎಂದಳು. ಅಂದರೆ ಸುಮ್ಮನಿರುವ ದಿನವಂತೆ. ಭಾನುವಾರ ಇಲ್ಲಿ ಮೊಳೆ ಹೊಡೆಯುವಂತಿಲ್ಲ, ಕುಟ್ಟುವಂತಿಲ್ಲ. ನಮ್ಮಲ್ಲಿ ಮನೆಯಲ್ಲಿ ಸದ್ದಿಲ್ಲದಿದ್ದರೆ ಪಕ್ಕದವರು ಏನಾಯಿತೋ ಎಂದು ಓಡಿ ಬರುತ್ತಾರೆ. ಇಲ್ಲಿ ಸದ್ದು ಬಂದರೆ ಬರುತ್ತಾರೆ.

ಇದನ್ನು ಫೋನಿನಲ್ಲಿ ತಮ್ಮ ಪ್ರಭುವಿಗೆ ಹೇಳಿದೆ. ಅವನು ಕೆಮ್ಮು ಬರುವಷ್ಟು ನಕ್ಕ. ಪ್ರಭು ನನಗಿಂತ ಮೂರು ವರ್ಷ ಚಿಕ್ಕವನು. ಸ್ಟೇಷನ್ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾನೆ. ಸ್ಫೂರ್ತಿಗೆ ಸೈಕಲ್ ಕಲಿಸಿದವನು ಅವನೇ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಅವನ ಸ್ವಭಾವವೇ ಹಾಗೆ ಎಂದು ನಾನೇ ಉತ್ತರ ಹೇಳಿಬಿಡುತ್ತಿದ್ದೆ.

ಪದವಿ ಸಮಾರಂಭ ಮುಗಿದ ಮೇಲೆ ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ಗೆ ಹೊರಟೆ. ಅಲ್ಲಿ ನನ್ನ ಸೋದರಮಾವನ ಮಗಳು ಶಾರದಾ ಇದ್ದಾಳೆ. ಮೂರು ದಿನದಿಂದ ನಾನು ಅಂಗಿ ಇಸ್ತ್ರಿ ಮಾಡುವುದು, ಮತ್ತೆ ಮಡಚುವುದು ಮಾಡುತ್ತಿದ್ದುದನ್ನು ಮಗಳು ಗಮನಿಸಿದ್ದಳು.

"ಅಪ್ಪಾ, ಶಾರದಾ ಅತ್ತಿ ಮನಿಗೆ ಹೋಗಾಕ ಇಷ್ಟ್ಯಾಕ ಟೆನ್ಷನ್? ವೀಸಾ ಇಂಟರ್‌ವ್ಯೂಗೂ ನೀ ಇಷ್ಟ್ ಹೆದರಿರ್ಲಿಲ್ಲ."

ಚಳಿ ಎಂದು ಹೇಳಿ ತಪ್ಪಿಸಿಕೊಂಡೆ. ಅದು ಜೂನ್ ತಿಂಗಳು.

ಅರ್ಧ ರೈಲು

ಇಲ್ಲಿನ ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗುತ್ತವೆ. ಮುಂದಿನ ಅರ್ಧ ಒಂದು ಊರಿಗೆ, ಹಿಂದಿನ ಅರ್ಧ ಇನ್ನೊಂದು ಊರಿಗೆ. ಶಾರದಾ ಮೊದಲೇ ಮೆಸೇಜ್ ಹಾಕಿದ್ದಳು, ಮುಂದಿನ ಅರ್ಧದಲ್ಲೇ ಕೂಡಬೇಕೆಂದು. ನಾನು ಬೋಗಿಯ ಸಂಖ್ಯೆ ಬಿಟ್ಟು ಕಿಟಕಿ ನೋಡಿ ಕೂತೆ. ಒಂದೇ ಹಳಿ, ಒಂದೇ ಬಣ್ಣ, ಒಂದೇ ರೈಲು ಎರಡೂರಿಗೆ ಹೋಗುತ್ತದೆಂದು ಹುಬ್ಬಳ್ಳಿ ಜಂಕ್ಷನ್ ನೋಡಿದವನಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಟಿಕೆಟ್ ನೋಡಲು ಬಂದವನು ನನ್ನನ್ನು ಕರುಣೆಯಿಂದ ನೋಡಿ, ನಿಮ್ಮ ರೈಲು ಈಗ ಬೇರೆ ಕಡೆ ಹೋಗುತ್ತಿದೆ ಎಂದ. ಹೆಸರು ಕೇಳರಿಯದ ಒಂದು ಊರಿನಲ್ಲಿ ಇಳಿದು, ಹಿಂದಕ್ಕೆ ಹೋಗುವ ರೈಲಿಗಾಗಿ ಒಂದೂವರೆ ತಾಸು ಬೆಂಚಿನ ಮೇಲೆ ಕೂತೆ.

ಆ ಒಂದೂವರೆ ತಾಸಿನಲ್ಲಿ ಶಾರದಾಳ ಮುಂದೆ ಹೇಳಬೇಕಾದ ಮಾತನ್ನು ಇಪ್ಪತ್ತು ಸಲ ಹೇಳಿಕೊಂಡೆ. ಓದುಗರಿಗೂ ಈಗಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಸೋದರಿಕೆ ಸಂಬಂಧ ಮಾಮೂಲು. ಶಾರದಾ ಹುಟ್ಟಿದಾಗಲೇ, ಇವಳು ಶಿವಾನಂದನಿಗೆ ಎಂದು ಅಜ್ಜಿ ಹೇಳಿದ್ದಳಂತೆ. ಶಿವಾನಂದ ಎಂದರೆ ನಾನು. ಇಪ್ಪತ್ತೈದರ ಹೊತ್ತಿಗೆ ನಾನು ಎಂ.ಎಸ್ಸಿ. ಮುಗಿಸಿದೆ. ಕಾಲೇಜಿನ ಆಡಳಿತ ಮಂಡಳಿಯವರೊಬ್ಬರು ತಮ್ಮ ಮಗಳಿಗೆ ನನ್ನನ್ನು ಕೇಳಿದರು. ಮದುವೆಯ ಜೊತೆ ನೌಕರಿಯೂ ಬರುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮಾವನಿಗೆ ನೇರವಾಗಿ ಬೇಡ ಎನ್ನುವ ಎದೆಗಾರಿಕೆ ನನಗಿರಲಿಲ್ಲ. ಒಂದು ಕಾಗದ ಬರೆದೆ. 'ಹುಬ್ಬಳ್ಳಿಯ ದೊಡ್ಡ ಡಾಕ್ಟರರಿಗೆ ತೋರಿಸಿದ್ದೇನೆ. ನಮ್ಮೆರಡು ಮನೆತನಗಳ ರಕ್ತ ಕೂಡಬಾರದಂತೆ, ಹುಟ್ಟುವ ಮಕ್ಕಳು ಬದುಕುವುದಿಲ್ಲವಂತೆ. ಶಾರದಾಳ ಒಳಿತಿಗೇ ಹೇಳುತ್ತಿದ್ದೇನೆ.' ಅಂಥ ಡಾಕ್ಟರರು ಯಾರೂ ಇರಲಿಲ್ಲ. ನಾನು ಯಾರಿಗೂ ಏನನ್ನೂ ತೋರಿಸಿರಲಿಲ್ಲ.

ವರ್ಷ ತುಂಬುವುದರೊಳಗೆ ನನ್ನ ಮದುವೆಯಾಯಿತು, ನೌಕರಿಯೂ ಆಯಿತು. ಕಮಲಾಳ ಬಗ್ಗೆ ನನಗೆ ಯಾವ ದೂರೂ ಇಲ್ಲ, ಒಳ್ಳೆಯ ಬಾಳುವೆ ಮಾಡಿದ್ದೇವೆ. ಆದರೆ ಮಾವನ ಮನೆಯ ರಕ್ತದಲ್ಲಿ ಏನೋ ಇದೆ ಎಂಬ ಸುದ್ದಿ ಊರಲ್ಲಿ ಹಬ್ಬಿತು. ಶಾರದಾಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಎದ್ದು ಹೋಗುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು. ಆಮೇಲೆ ಜರ್ಮನಿಯಲ್ಲಿ ಎಂಜಿನಿಯರಾಗಿದ್ದ ಬಸವರಾಜ ಪಾಟೀಲ ಬಂದು ಒಪ್ಪಿಕೊಂಡ. ನಾನು ಆ ಮದುವೆಗೆ ಹೋಗಲಿಲ್ಲ, ಪರೀಕ್ಷೆ ಪೇಪರ್ ತಿದ್ದುವುದಿದೆ ಎಂದೆ.

ಮಾವ ತೀರಿಕೊಂಡಿದ್ದಾರೆ. ಸುಳ್ಳು ಹೇಳಿದ್ದೆ ಎಂದು ಶಾರದಾಳ ಎದುರು ಒಮ್ಮೆ ಒಪ್ಪಿಕೊಂಡರೆ ಸಾಕಾಗಿತ್ತು ನನಗೆ.

ಫೊಯರ್‌ಬಾಕ್

ನಿಲ್ದಾಣದಲ್ಲಿ ಗಂಡ ಹೆಂಡತಿ ಇಬ್ಬರೂ ಎರಡು ತಾಸು ಕಾದಿದ್ದರು. ಶಾರದಾಳ ಕೂದಲು ಬೆಳ್ಳಗಾಗಿದೆ, ನಗು ಮಾವನದೇ. ನನ್ನ ಚೀಲಕ್ಕೆ ಕೈ ಹಾಕುತ್ತ ಹೇಳಿದಳು:

"ಅಣ್ಣಾರ, ನಾ ಮೆಸೇಜ್ ಹಾಕಿದ್ನಲ್ಲ, ಮುಂದಿನ ಡಬ್ಬಿಯೊಳಗ ಕೂಡ್ರಿ ಅಂತ. ಬಯಾಲಜಿ ಓದಿದವರಿಗೆ ರೈಲಿನ ಅಂಗರಚನಾ ತಿಳೀಲಿಲ್ಲೇನ್ರಿ?"

ಎಲ್ಲರೂ ನಕ್ಕೆವು. ನನಗೆ ಮಾತ್ರ 'ಅಣ್ಣಾರ' ಎಂಬಲ್ಲಿ ಕಾಲು ತಡೆಯಿತು. ಚಿಕ್ಕಂದಿನಿಂದ ಅವಳು ನನ್ನನ್ನು 'ಭಾವಾ' ಎಂದು ಕರೆಯುತ್ತಿದ್ದಳು. ಮಾವನ ಮಗಳು ಅತ್ತೆಯ ಮಗನನ್ನು ಅಣ್ಣ ಎಂದು ಕರೆಯುವುದು ನಮ್ಮಲ್ಲಿಲ್ಲ. ಕರೆದರೆ ಒಂದು ಬಾಗಿಲು ಹಾಕಿ ಚಿಲಕ ಜಡಿದಂತೆ. ಇದನ್ನು ಯಾವ ಜರ್ಮನ್‌ನಿಗೂ ಬಿಡಿಸಿ ಹೇಳಲಾಗದು. ಅವರಿಗೆ ಇಬ್ಬರೂ ಕಸಿನ್ನೇ. ಅವಳು ಸಿಟ್ಟಿನಿಂದ ಹಾಗೆ ಕರೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳಿಗೆ ಅದು ಎಂದೋ ರೂಢಿಯಾಗಿಬಿಟ್ಟಿತ್ತು.

ಬಸವರಾಜ ದೊಡ್ಡ ಆಳು, ದೊಡ್ಡ ಮಾತು. ಫೊಯರ್‌ಬಾಕಿನ ದೊಡ್ಡ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದಿದ್ದಾನೆ. ಊಟಕ್ಕೆ ಕೂತಾಗ ಜೋಳದ ರೊಟ್ಟಿ ಮುರಿಯುತ್ತ, ನಾನು ಕೇಳದಿದ್ದರೂ ತನ್ನ ಮದುವೆಯ ಕಥೆ ತೆಗೆದ.

"ಹೆಣ್ಣು ನೋಡಾಕ ಹೋದಾಗ ಮಂದಿ ನನ್ನ ಕಿವಿಯಾಗ ಹೇಳಿದ್ರು ನೋಡ್ರಿ, ಆ ಮನಿ ರಕ್ತದಾಗ ದೋಷ ಐತಿ ಅಂತ. ನಾ ಅಂದೆ, ನಾ ಕಬ್ಬಿಣದ ಜೋಡಿ ಕೆಲಸಾ ಮಾಡಾಂವ, ರಕ್ತದ್ದು ನನಗ ತಿಳಿಯೂದಿಲ್ಲ, ಹುಡುಗಿ ನಕ್ಕರ ಚೆಂದ ಕಾಣ್ತಾಳ, ಅಷ್ಟ ಸಾಕು."

ಶಾರದಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ಸುದ್ದಿಯ ಮೂಲ ಯಾರೆಂದು ಅವನಿಗೆ ಗೊತ್ತಿಲ್ಲ ಎಂಬುದು ಅವನ ಮುಖದಲ್ಲೇ ಇತ್ತು. ಮೂವತ್ತು ವರ್ಷದಲ್ಲಿ ಅವಳು ಗಂಡನಿಗೂ ನನ್ನ ಹೆಸರು ಹೇಳಿರಲಿಲ್ಲ. ನಾನು ರೊಟ್ಟಿ ಬಿಟ್ಟು ಎರಡು ಲೋಟ ನೀರು ಕುಡಿದೆ.

ಡ್ಯೂಕನ ಊರು

ಇಲ್ಲಿ ಮೂವರು ಸೇರಿದರೆ ಒಂದು 'ಫೆರೈನ್' ಹುಟ್ಟುತ್ತದೆ, ಅಂದರೆ ಸಂಘ. ಮೊಲ ಸಾಕುವವರಿಗೊಂದು, ಹಾಡುವವರಿಗೊಂದು, ಹಳೆಯ ಚರ್ಚನ್ನು ತೋರಿಸುವವರಿಗೊಂದು. ಶಾರದಾ ಈ ಕೊನೆಯದರ ಸದಸ್ಯೆ. ತಿಂಗಳಿಗೊಂದು ಶನಿವಾರ, ಒಂದು ತಾಸಿನ ದಾರಿಯ ಪುಟ್ಟ ಊರಿಗೆ ಹೋಗಿ, ಅಲ್ಲಿನ ಡ್ಯೂಕನ ಸಮಾಧಿಯನ್ನು ಬಂದವರಿಗೆ ವಿವರಿಸುತ್ತಾಳೆ. ನಮ್ಮ ಗದಗಿನವಳು ಜರ್ಮನ್ನರಿಗೆ ಅವರದೇ ಡ್ಯೂಕನ ಕಥೆ ಹೇಳುವುದೆಂದರೆ, ಜರ್ಮನಿಯವನೊಬ್ಬ ಲಕ್ಕುಂಡಿಗೆ ಬಂದು ನಮಗೇ ಗುಡಿ ತೋರಿಸಿದ ಹಾಗೆ. ಆ ಶನಿವಾರ ನನ್ನನ್ನೂ ಕರೆದುಕೊಂಡು ಹೋದಳು. ಬಸವರಾಜ ನಮ್ಮನ್ನು ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ.

ಚರ್ಚಿನ ಬಾಗಿಲಲ್ಲಿ ನನಗೆ ಅರಿವಿಲ್ಲದೆ ಬೂಟು ಬಿಚ್ಚಿದ್ದೆ. ಒಬ್ಬ ಹೆಂಗಸು ಗಾಬರಿಯಿಂದ, ಕಾಲು ನೋಯುತ್ತಿದೆಯೇ ಎಂದು ವಿಚಾರಿಸಿದಳು. ಮತ್ತೆ ಹಾಕಿಕೊಂಡೆ. ಕಲ್ಲಿನ ನೆಲ ಮಂಜಿನಂತೆ ಕೊರೆಯುತ್ತಿತ್ತು, ಹಾಕಿಕೊಂಡದ್ದೇ ಒಳ್ಳೆಯದಾಯಿತು.

ಡ್ಯೂಕನ ಹೆಸರನ್ನು ಶಾರದಾ ಮೂರು ಸಲ ಹೇಳಿಕೊಟ್ಟಳು, ನನ್ನ ನಾಲಿಗೆ ಹೊರಳಲಿಲ್ಲ. ಡ್ಯೂಕ್ ಎಂದೇ ಇರಲಿ. ಕಲ್ಲಿನಲ್ಲಿ ಅವನೂ ಅವನ ಹೆಂಡತಿಯೂ ಅಕ್ಕಪಕ್ಕ ಮಲಗಿದ್ದಾರೆ. ಅವನ ಕಾಲಡಿ ಸಿಂಹ, ಅವಳ ಕಾಲಡಿ ಪುಟ್ಟ ನಾಯಿ. ಇಬ್ಬರೂ ಕೈ ಹಿಡಿದಿದ್ದಾರೆ. ಸುತ್ತ ಹತ್ತು ಹನ್ನೆರಡು ಜನ ನಿಂತರು. ಅವರ ಬಾಯಲ್ಲಿ 'ಫ್ರೌ ಪಾಟೀಲ್' ಆದ ಶಾರದಾ ಕಥೆ ಶುರು ಮಾಡಿದಳು. ಒಂದಿಷ್ಟು ಜರ್ಮನ್ ಆದ ಮೇಲೆ ನನ್ನ ಕಡೆ ತಿರುಗಿ ಎರಡು ಸಾಲು ಕನ್ನಡ. ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಕನ್ನಡ ಬರುವಾಗ ಅವರೆಲ್ಲ ಶಿಸ್ತಾಗಿ ಛಾವಣಿ ನೋಡುತ್ತಿದ್ದರು.

ಏಳನೆಯ ವಯಸ್ಸಿಗೇ ಅಪ್ಪ ಸತ್ತು ಪಟ್ಟಕ್ಕೆ ಬಂದವನಂತೆ ಡ್ಯೂಕ್. ಅವ್ವನೇ ರಾಜ್ಯ ನೋಡಿಕೊಂಡಳು. ಹದಿನೆಂಟಕ್ಕೆ ಪಕ್ಕದ ಸೀಮೆಯ ದೊರೆಯ ಮಗಳನ್ನು ತಂದರು. ಅವಳು ಬರುವಾಗ ತವರಿನಿಂದ ಒಂದು ಕೋಟೆಯನ್ನೇ ತಂದಿದ್ದಳು. ಅವನು ಯುದ್ಧಕ್ಕೆ ಹೋದಾಗಲೆಲ್ಲ ಅವಳೇ ಆಡಳಿತ ನಡೆಸಿದಳು. ಒಂದು ಹೆಣ್ಣುಮಗು ಉಳಿಯಿತು. ಹೀಗೇ ಹದಿನಾಲ್ಕು ವರ್ಷ. ಅಷ್ಟು ಹೊತ್ತಿಗೆ ಒಬ್ಬ ರಾಜ ತನ್ನ ಮಗಳನ್ನು ಕೊಡುವ ಮಾತು ತೆಗೆದ.

ಆಗ ಶಾರದಾ ಒಂದು ಉದ್ದನೆಯ ಪದ ಹೇಳಿದಳು. ನನಗೆ ಅದರ ಮೊದಲ ತುಂಡು 'ಬ್ಲೂಟ್' ಮಾತ್ರ ಕಿವಿಗೆ ಬಿತ್ತು. ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಸ್ಫೂರ್ತಿ ಕರೆದೊಯ್ದಿದ್ದ ಕಡೆ ಆ ಪದ ಕಲಿತಿದ್ದೆ. ರಕ್ತ.

ಅವಳು ನನ್ನ ಕಡೆ ತಿರುಗಿದಳು. ದನಿಯಲ್ಲಿ ಏನೂ ಬದಲಾವಣೆ ಇರಲಿಲ್ಲ.

"ರಕ್ತಸಂಬಂಧ ಅಂತ ಅದರ ಅರ್ಥ, ಅಣ್ಣಾರ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮ್ಯಾಲೆ ಡ್ಯೂಕಗ ನೆನಪಾತು, ತನ್ನ ಮುತ್ತಜ್ಜನ ಅಪ್ಪ, ಆಕೀ ಮುತ್ತಜ್ಜನ ಅಪ್ಪ ಅಣ್ಣತಮ್ಮಂದಿರು ಅಂತ. ಆಗಿನ ಚರ್ಚಿನ ಕಾನೂನಿನಾಗ ಅಂಥಾ ಲಗ್ನ ನಡೀತಿರಲಿಲ್ಲ. ಬಿಷಪ್ಪರು ಕೂತು, ಇದು ಲಗ್ನನ ಅಲ್ಲ ಅಂತ ಬರೆದುಕೊಟ್ರು. ಎರಡನೇ ಹೆಂಡತಿ ಇನ್ನೂ ಹತ್ತರದ ಸಂಬಂಧಿ ಇದ್ಳು. ಅದಕ್ಕ ಮಾತ್ರ ಮೊದಲ ಪರ್ಮಿಷನ್ ತಗೊಂಡಿದ್ದ."

ಬೇರೆ ದಿನವಾಗಿದ್ದರೆ ನಾನು ಜೋರಾಗಿ ನಗುತ್ತಿದ್ದೆ. ಐದು ತಲೆಮಾರಿನ ಹಿಂದಿನ ಸಂಬಂಧ! ನಮ್ಮ ಕಡೆ ಅಷ್ಟು ದೂರದ ನಂಟನ್ನು ನಂಟೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕಲ್ಲಿನ ಡ್ಯೂಕನ ಮುಖ ನೋಡಿದೆ. ಮಹಾ ಶಾಂತ ಮುಖ. ತಾನು ಕಾನೂನಿನ ಪ್ರಕಾರವೇ ನಡೆದೆ ಎಂದು ನಂಬಿಸಿದವನ ಮುಖ. ಅದು ನನಗೆ ಗೊತ್ತಿರುವ ಮುಖವೇ.

ಮುಂದಿನ ಕಥೆ ಬೇಗ ಮುಗಿಯಿತು. ಎರಡನೆಯವಳಲ್ಲಿ ಮೂವರು ಗಂಡುಮಕ್ಕಳಾದರು, ಅಪ್ಪ ಬದುಕಿರುವಾಗಲೇ ಸೀಮೆಗಾಗಿ ಬಡಿದಾಡಿಕೊಂಡರು, ರಾಜ್ಯ ಮೂರು ಪಾಲಾಯಿತು. ಡ್ಯೂಕ್ ಕೊನೆಗಾಲದಲ್ಲಿ ಈ ಊರೊಂದನ್ನೇ ಉಳಿಸಿಕೊಂಡು ಇಲ್ಲೇ ಸತ್ತ. ಮೊದಲ ಹೆಂಡತಿಯ ಮಗಳನ್ನು ಹತ್ತನೆಯ ವಯಸ್ಸಿಗೇ ದೂರದೇಶಕ್ಕೆ ಕೊಟ್ಟಿದ್ದರು.

ಕೋಲು ಊರಿಕೊಂಡಿದ್ದ ಒಬ್ಬ ಮುದುಕ ಏನೋ ಕೇಳಿದ. ಶಾರದಾ ಭುಜ ಕುಣಿಸಿ ಒಂದೇ ಮಾತಿನ ಉತ್ತರ ಕೊಟ್ಟಳು. ಏನು ಕೇಳಿದ ಎಂದೆ.

"ಮೊದಲನೇಕಿ ಗೋರಿ ಎಲ್ಲೈತಿ ಅಂತ. ಗೊತ್ತಿಲ್ಲ ಅಂದೆ. ತವರಮನಿಗೆ ಹೋದ ಮ್ಯಾಲೆ ಆಕಿ ಸುದ್ದಿ ಯಾರೂ ಬರೆದಿಟ್ಟಿಲ್ಲ."

ಚರ್ಚಿನ ಹಿಂದಿನ ಬೆಂಚು

ಜನ ಚದುರಿದ ಮೇಲೆ ಚರ್ಚಿನ ಹಿಂದೆ, ಲಿಂಡನ್ ಮರದ ಕೆಳಗೆ ಕೂತೆವು. ಅವಳು ಡಬ್ಬಿಯಿಂದ ಚುರಮುರಿ ಚೂಡಾ ತೆಗೆದು ಮುಂದಿಟ್ಟಳು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದೆಂದು ಒಂದೇ ಉಸಿರಿಗೆ ಹೇಳಿದೆ. ಡಾಕ್ಟರರು ಸುಳ್ಳು, ರಕ್ತದ ದೋಷ ಸುಳ್ಳು, ನೌಕರಿಯ ಆಸೆಗೆ ಬರೆದ ಕಾಗದ ಅದು, ಕ್ಷಮಿಸು.

ಶಾರದಾ ಚೂಡಾದಲ್ಲಿದ್ದ ಒಣ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟಳು.

"ಗೊತ್ತಿತ್ತು ಬಿಡ್ರಿ. ನಿಮ್ಮ ಲಗ್ನಪತ್ರಿಕಾ ಬಂತಲ್ಲ, ಬೀಗರ ಹೆಸರು ಓದಿದ ಕೂಡಲೆ ತಿಳೀತು. ಭಾಳ ಅತ್ತೆ ಆವಾಗ. ಈಗ ಇಲ್ಲ. ಇವರು ಸಿಕ್ರು, ಮಗಳು ಆದಳು, ಗಟ್ಟಿಮುಟ್ಟ ಅದಾಳ. ನಾ ಕನ್ನಡದಾಗ ಕೇಳಿದ್ರ ಆಕಿ ಜರ್ಮನ್‌ದಾಗ ಉತ್ತರಾ ಕೊಡ್ತಾಳ, ಅದೊಂದ ದೋಷ."

ನಾನು ನಕ್ಕೆ. ನಿಜ ಹೇಳಬೇಕೆಂದರೆ, ಅಷ್ಟಕ್ಕೇ ಮುಗಿಯಿತೆಂದು ಸಮಾಧಾನದಿಂದ ನಕ್ಕೆ. ಚೂಡಾಕ್ಕೆ ಕೈ ಹಾಕಿದೆ.

"ನಂದು ಬಿಡ್ರಿ," ಎಂದಳು ಅವಳು. "ಗಿರಿಜಾಂದು ಹೇಳ್ರಿ."

ಗಿರಿಜಾ ಅವಳ ತಂಗಿ. ಸೊಲ್ಲಾಪುರಕ್ಕೆ ಕೊಟ್ಟಿದ್ದಾರೆ.

"ಗಿರಿಜಾಗ ಏನಾತು?"

ಶಾರದಾ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ನಾಟಕ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದಳು.

"ನಿಮಗ ಖರೇನ ಗೊತ್ತಿಲ್ಲ ಹಂಗಾರ. ಪ್ರಭು ಮತ್ತ ಗಿರಿಜಾ ಒಬ್ರನ್ನೊಬ್ರು ಮನಸ್ಸಿನಾಗ ಇಟ್ಕೊಂಡಿದ್ರು. ನಮ್ಮವ್ವಗ ಗೊತ್ತಿತ್ತು, ನನಗ ಗೊತ್ತಿತ್ತು. ನಂದು ನಿಮ್ಮದು ಮೊದಲ ಆಗ್ಲಿ, ಆಮ್ಯಾಲೆ ಅವರದು ಅಂತ ಅವ್ವ ಸುಮ್ಮನಿದ್ಳು. ನಿಮ್ಮ ಕಾಗದಾ ಬಂತು. ಎಂಟು ದಿನದ ಮ್ಯಾಲೆ ಪ್ರಭು ತಾನ ಬಂದ, ಗಿರಿಜಾನ್ನ ಕೇಳಾಕ. ಅಪ್ಪ ಏನೂ ಮಾತಾಡಲಿಲ್ಲ. ಕಾಗದಾ ತಂದು ಅವನ ಕೈಯಾಗ ಕೊಟ್ಟ. ಎರಡು ಸಲ ಓದಿದ. ನಮ್ಮಣ್ಣ ಓದಿದಾಂವ, ಸುಳ್ಳು ಬರಿಯೂದಿಲ್ಲ ಅಂದ. ಅವ್ವ ಚಹಾ ತಂದಿದ್ಳು. ಕುಡೀಲಾರದ ಎದ್ದು ಹೋದ."

ಕೈಯಲ್ಲಿದ್ದ ಚೂಡಾವನ್ನು ಮತ್ತೆ ಡಬ್ಬಿಗೆ ಹಾಕಿದೆ.

"ನನ್ನ ನೋಡಾಕ ಬಂದವರು ಒಲ್ಲೆ ಅನ್ನೂದ ಕೇಳಿ ಅಪ್ಪ ಹೆದರಿದ. ಸೊಲ್ಲಾಪುರದವರು ಕೇಳಿದ ಕೂಡಲೆ ಗಿರಿಜಾನ್ನ ಕೊಟ್ಟ. ನಿಮ್ಮದು ಸುಳ್ಳು ಅಂತ ನನಗ ತಿಳಿಯೂದ್ರಾಗ ಆಕೀ ಮ್ಯಾಲೆ ಅಕ್ಕಿಕಾಳು ಬಿದ್ದಿದ್ವು. ಇನ್ನ ಹೇಳಿ ಏನ್ ಮಾಡೂದು?"

"ಈಗ ಹ್ಯಾಂಗ ಅದಾಳ?"

"ಆರಾಮ ಅದಾಳ. ಮೊಮ್ಮಕ್ಕಳು ಅದಾವ. ನಾ ಫೋನ್ ಮಾಡಿದಾಗೆಲ್ಲ ಎಲ್ಲಾರ ಸುದ್ದಿ ಕೇಳಿ, ಕಡೀಕ ಪ್ರಭೂಂದು ಕೇಳ್ತಾಳ."

ಬಸವರಾಜ ದೂರದಿಂದಲೇ ಕೂಗುತ್ತ ಬಂದ, ಪಾರ್ಕಿಂಗ್ ಸಿಗಲು ಊರನ್ನೇ ಮೂರು ಸುತ್ತು ಹಾಕಬೇಕಾಯಿತಂತೆ. ಶಾರದಾ ಡಬ್ಬಿ ಮುಚ್ಚಿದಳು. ಮೂವತ್ತೈದು ವರ್ಷ ತಮ್ಮ ನನ್ನ ಜೊತೆ ಒಂದೇ ಅಡುಗೆಮನೆಯಲ್ಲಿ ಉಂಡಿದ್ದಾನೆ. ಒಮ್ಮೆಯೂ ನಾನು ಕೇಳಿರಲಿಲ್ಲ. ಮರಳುವ ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಿದ್ದವಂತೆ, ನನಗೆ ಒಂದೂ ನೆನಪಿಲ್ಲ.

ಸ್ಟುಟ್‌ಗಾರ್ಟ್ ನಿಲ್ದಾಣ

ಮರುದಿನ ಬೆಳಿಗ್ಗೆ ಶಾರದಾ ನನ್ನನ್ನು ಸರಿಯಾದ ಬೋಗಿ ಬಂದು ನಿಲ್ಲುವ ಜಾಗದಲ್ಲೇ ನಿಲ್ಲಿಸಿ ಹೋದಳು. ರೈಲಿಗೆ ಇನ್ನೂ ಅರ್ಧ ತಾಸಿತ್ತು. ಊರಿಗೆ ಹೋದ ಮೇಲೆ ಪ್ರಭುವನ್ನು ಎದುರು ಕೂರಿಸಿಕೊಂಡು ಹೇಳುವುದು ಮನುಷ್ಯನ ಲಕ್ಷಣ. ಆದರೆ ಅವನ ಮುಖ ನೋಡುತ್ತ ಹೇಳಲಾರೆ ಎಂದು ನನಗೆ ಗೊತ್ತಿತ್ತು. ಆಗ ಕಾಗದ ಬರೆದವನು ಈಗ ಫೋನ್ ಮಾಡುವವನೇ.

ಅಲ್ಲಿ ಮಧ್ಯಾಹ್ನ. ಅಂಗಡಿಯಲ್ಲಿದ್ದ. ಹಿಂದೆ ಯಾವುದೋ ಪಂಪಿನ ಮೋಟರ್ ಗುಂಯ್‌ಗುಡುತ್ತಿತ್ತು. ನಾನು ಕಳಿಸಿದ ಫೋಟೊಗಳನ್ನು ಆಗಲೇ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ತೋರಿಸಿದ್ದ.

"ಆ ರಾಜಾನ ಕಾಲಾಗ ಸಿಂಹ ಇಟ್ಟಾರಲ್ಲ, ಹೆಂಡ್ತಿ ಕಾಲಾಗ ನಾಯಿ ಯಾಕ?" ಎಂದ.

ಅದನ್ನು ಬಿಟ್ಟು, ಮಾವನಿಗೆ ಬರೆದ ಕಾಗದದ ವಿಷಯ ಹೇಳಿದೆ. ಡಾಕ್ಟರ್ ಇರಲಿಲ್ಲ, ರಕ್ತದಲ್ಲಿ ಏನೂ ದೋಷ ಇರಲಿಲ್ಲ, ನೀನು ಗಿರಿಜಾಳನ್ನು ಮಾಡಿಕೊಳ್ಳಬಹುದಿತ್ತು ಎಂದೆ. ನನಗೆ ಅಳು ಬಂತು, ಪಕ್ಕದಲ್ಲಿ ನಿಂತಿದ್ದವರು ಮರ್ಯಾದೆಯಿಂದ ಬೇರೆ ಕಡೆ ತಿರುಗಿದರು. ಆ ಕಡೆ ಮೋಟರ್ ಬಂದಾಯಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು.

ಊರಿಗೆ ಬಂದ ಮೇಲೆ ನಾವಿಬ್ಬರೂ ಆ ಮಾತು ಎತ್ತಿಲ್ಲ. ಎಂದಿನಂತೆ ಒಟ್ಟಿಗೆ ಉಣ್ಣುತ್ತೇವೆ. ಆ ದಿನ ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ:

"ಖರೇ ಅಂತ ತಿಳ್ಕೊಂಡು ನಾ ಆರಾಮ ಇದ್ದೆ. ಈಗ ಯಾಕ ಹೇಳಿದಿ?"